ನೇಕಾರರ ಸಂಘದ ಮೂಲೆಗಂಬ

ವೆನ್‌ಬ್ರೂಕ್, ಸಫೋಕ್
೧೪ ಮಾರ್ಚ್ ೧೯೨೬

ಪ್ರೀತಿಯ ಮಗಳು ಎಸ್ತರ್‌ಗೆ,

ಕೆನಡಾದ ಚಳಿ ಈಗಲಾದರೂ ಇಳಿಯಿತೇ? ಮಗುವಿನ ಕೆಮ್ಮು ಹೇಗಿದೆ? ಇಲ್ಲಿ ನಿಮ್ಮಮ್ಮನ ಮಂಡಿನೋವು ಹಾಗೇ ಇದೆ. ನನ್ನ ಕಣ್ಣು ಸ್ವಲ್ಪ ಮಂಜು, ಆದರೂ ಉಳಿ ಹಿಡಿಯುವಷ್ಟು ಕಾಣುತ್ತದೆ.

ಈ ಚಳಿಗಾಲವೆಲ್ಲ ನೀವು ಓದಿದ ಶಾಲೆಯಲ್ಲೇ ಕೆಲಸ. ಬೀದಿಯ ಕಡೆಯ ಮೂಲೆಗಂಬದ ಬುಡ ಲಡ್ಡಾಗಿ ಮೇಲಂತಸ್ತು ಒಂದು ಗೇಣು ವಾಲಿತ್ತು. ಮಕ್ಕಳನ್ನೆಲ್ಲ ಚರ್ಚಿನ ಕೊಠಡಿಗೆ ಕಳಿಸಿ ನಾನೂ ಜೊತೆಯ ಬಡಗಿ ಜೇಬೆಝನೂ ಗಾರೆ ಕೆಡವಿದೆವು. ನೇಕಾರರ ಸಂಘದವರು ಈ ಕಟ್ಟಡ ಕಟ್ಟಿಸಿ ಐನೂರು ವರ್ಷವಾಯಿತಂತೆ, ಒಂದು ಮೊಳೆ ಇಲ್ಲ ಮಗಳೇ! ಎಲ್ಲ ಓಕ್ ಮರದ ಬೆಣೆ. ಯಾವ ತೊಲೆ ಯಾವ ಕಂಬಕ್ಕೆ ಎಂದು ಬಡಗಿಗಳು ಕೆತ್ತಿಕೊಂಡ ಗುರುತುಗಳು ನಿನ್ನೆ ಕೆತ್ತಿದ ಹಾಗಿವೆ. ಆ ಮೂಲೆಗಂಬವನ್ನಂತೂ ಮರದ ಬುಡ ಮೇಲೆ ಮಾಡಿ ನಿಲ್ಲಿಸಿದ್ದಾರೆ, ಬೇರಿನ ಅಗಲವೇ ಬೀದಿಗೆ ಚಾಚಿದ ಅಟ್ಟವನ್ನು ಹೊರಲಿ ಅಂತ. ರಾಜನೇ ಆ ಸಂಘವನ್ನು ಮುಚ್ಚಿಸಿದ ಮೇಲೆ ಕಟ್ಟಡ ಕಾಳಿನ ಉಗ್ರಾಣವಾಯಿತು, ಆಮೇಲೆ ಬಡವರ ಮನೆ, ಕೊನೆಗೆ ಶಾಲೆ. ಎಲ್ಲರನ್ನೂ ಹೊತ್ತ ಕಂಬ. "ಇದು ನಿನಗಿಂತ ಗಟ್ಟಿ ಇದೆ ಕಣೋ ಹೈರಮ್, ನಿನ್ನನ್ನೇ ಕಿತ್ತು ಬೇರೆ ಹಾಕಿಸಬೇಕು" ಅಂತ ಜೇಬೆಝ್ ನನ್ನನ್ನು ದಿನಾ ರೇಗಿಸುತ್ತಿದ್ದ.

ಆ ಕಂಬದ ಮೇಲೇ ಅಲ್ಲವೇ ಆ ಎರಡಕ್ಷರ ಇದ್ದದ್ದು, ಇ ಮತ್ತು ಪಿ. ನಿನಗೆ ಮರೆತಿರಲಾರದು. ಹೆಡ್‌ಮಾಸ್ಟರು ಮನೆ ಬಾಗಿಲಿಗೇ ಬಂದು, "ಬಡಗಿಯ ಮಗನೇ ಹೀಗೆ ಮಾಡಿದರೆ ಉಳಿದವರಿಗೆ ಏನು ಹೇಳೋಣ ಪಿಲ್‌ಬ್ರೋ?" ಅಂದರು. ನಿಮ್ಮಣ್ಣ ಎಡ್ಮಂಡ್ ಆಗ ಹನ್ನೊಂದರವನು. "ನಾನಲ್ಲಪ್ಪಾ, ಆಣೆಗೂ ನಾನಲ್ಲ" ಅಂದ. "ಅಕ್ಷರ ನಿಂದೇ, ಚಾಕು ನಿಂದೇ, ಮೇಲಿಂದ ಸುಳ್ಳು ಬೇರೆ!" ಅಂತ ಸೊಂಟದ ಪಟ್ಟಿ ಬಿಚ್ಚಿದೆ. ಕೆತ್ತಿದ್ದಕ್ಕಲ್ಲ, ಸುಳ್ಳಿಗೆ ಅಂತ ಹೇಳಿ ಹೇಳಿ ಹೊಡೆದೆ. ಮೂರು ದಿನ ಅವನು ಮಗ್ಗುಲಾಗಿ ಮಲಗಿದ. ಯುದ್ಧದ ವರ್ಷ ಫ್ರಾನ್ಸಿನಿಂದ ಅವನ ಸಾವಿನ ತಂತಿ ಬಂದಾಗ ನನಗೆ ಮೊದಲು ನೆನಪಾದದ್ದು ಆ ಮಗ್ಗುಲು.

ಹತ್ತು ದಿನದ ಹಿಂದೆ, ಗುರುವಾರ, ಹೊಸ ಕಂಬ ನಿಂತಿತು, ಕಟ್ಟಡ ನೆಟ್ಟಗಾಯಿತು, ಸೋಮವಾರ ಮಕ್ಕಳು ವಾಪಸು ಬಂದರು. ಹಳೆಯ ಕಂಬವನ್ನು ಸೌದೆಗೆ ಸೀಳಿದೆವು. ಅಕ್ಷರವಿದ್ದ ತುಂಡನ್ನು ಮಾತ್ರ ನಾನು ಕೊಯ್ದು ಮನೆಗೆ ತಂದೆ. ನಿಮ್ಮಮ್ಮ ಅದರ ಮೇಲೆ ಕೈಯಾಡಿಸಿ, "ನನ್ನ ಕಂದ" ಅಂದಳು. ನಾನು ಕೊಟ್ಟಿಗೆಗೆ ಹೋದೆ.

ಅಳಿಯನಿಗೆ ನಮ್ಮ ನೆನಪು ತಿಳಿಸು. ಮಕ್ಕಳ ತಲೆಯ ಮೇಲೆ ಅಜ್ಜನ ಕೈ ಇದೆ ಅಂತ ಹೇಳು.

ನಿನ್ನ ಅಪ್ಪ,
ಹೈರಮ್ ಪಿಲ್‌ಬ್ರೋ

ತಾ.ಕ.: ಲಕೋಟೆ ಅಂಟಿಸಿಬಿಟ್ಟಿದ್ದೆ, ಮತ್ತೆ ಒಡೆದೆ. ಆ ಅಕ್ಷರಗಳನ್ನು ಹಗಲು ಬೆಳಕಿನಲ್ಲಿ ಹತ್ತಿರದಿಂದ ನೋಡಿದ್ದು ಇದೇ ಮೊದಲು. ಚಾಕು ಜಾರಿದ ಗೀರುಗಳೆಲ್ಲ ಬಲಗೈಯವರದಕ್ಕೆ ತಿರುವುಮುರುವು. ನಲವತ್ತು ವರ್ಷ ಮರ ಕೆತ್ತಿದವನಿಗೆ ಅಷ್ಟೂ ತಿಳಿಯದೇ? ನಮ್ಮ ಮನೆಯಲ್ಲಿ ಎಡಚರು ಒಬ್ಬರೇ. ಎಡ್ಮಂಡ್ ಪಿಲ್‌ಬ್ರೋಗೂ ಎಸ್ತರ್ ಪಿಲ್‌ಬ್ರೋಗೂ ಅದೇ ಇ, ಅದೇ ಪಿ. ಆ ವರ್ಷ ಟೀಚರಮ್ಮ ನಿನ್ನ ಎಡಗೈಯನ್ನು ಬೆಂಚಿಗೆ ಕಟ್ಟಿ ಬಲಗೈಯಲ್ಲಿ ಬರೆಸುತ್ತಿದ್ದಳು, ಅದೂ ನೆನಪಾಯಿತು. ಅವನು ನಿನ್ನ ಹೆಸರು ಹೇಳಲಿಲ್ಲ ಎಸ್ತರ್. ನೀನು ಬಾಗಿಲ ಸಂದಿಯಲ್ಲಿ ನಿಂತು ಅಳುತ್ತಿದ್ದೆ, ಹೆದರಿ ಅಳುತ್ತಿದ್ದೀಯ ಅಂದುಕೊಂಡೆ. ನೀನು ಆಗ ಒಂಬತ್ತರ ಮಗು. ಹೊಡೆದದ್ದು ನನ್ನ ಕೈ. ನಿಜ ಹೇಳಿದವನನ್ನು ಸುಳ್ಳ ಅಂತ ಹೊಡೆದೆ, ಕ್ಷಮಿಸು ಅನ್ನಲು ಅವನಿಲ್ಲ. ಇಷ್ಟು ವರ್ಷ ನೀನು ಊರ ಕಡೆ ತಲೆ ಹಾಕದ್ದು ಇದಕ್ಕೇ ಆಗಿದ್ದರೆ, ಸಾಕು, ಬಾ. ನಿಮ್ಮಮ್ಮನಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ.