ಎರಡು ದಡದ ಹಲ್ಲಿಗಳು

೧೪ ಮಾರ್ಚ್

ಪ್ರೀತಿಯ ಅಕ್ಕ,

ನಿನ್ನ ಎರಡು ಪತ್ರಗಳೂ ತಲುಪಿವೆ. ಕೆಲಸ ಜಾಸ್ತಿ, ಅದಕ್ಕೇ ತಡವಾಯಿತು ಎಂದು ಬರೆದರೆ ನೀನು ನಂಬಿಬಿಡುತ್ತೀಯ. ಹಾಗಾಗಿ ಬರೆಯುತ್ತಿಲ್ಲ. ನೀನಿರುವ ನದಿದಡದಲ್ಲಿ ಫೋನು ಸಿಗುವುದಿಲ್ಲ. ಸಿಕ್ಕಿದ್ದರೂ ಇದು ನನ್ನ ಬಾಯಿಂದ ಬರುತ್ತಿರಲಿಲ್ಲ. ಅಮ್ಮ ಚೆನ್ನಾಗಿದ್ದಾಳೆ. "ಬಿಸಿಲಲ್ಲಿ ಟೋಪಿ ಹಾಕ್ಕೋತಾಳೋ ಇಲ್ವೋ ಕೇಳೇ" ಅಂದಳು. ಕೇಳಿದ್ದೇನೆ.

ಸಾಹಿತ್ಯ ಓದಿದವಳಿಗೆ ನಿಮ್ಮ ಪ್ರಯೋಗಾಲಯದಲ್ಲೇನು ಕೆಲಸ ಎಂದು ಎಲ್ಲರೂ ಕೇಳಿದಾಗ, "ಅಕ್ಷರ ಮುತ್ತಿನ ಹಾಗಿದೆ, ಸೀಸೆಗಳ ಮೇಲೆ ಹೆಸರು ಬರೀಲಿ ಬಿಡಿ" ಎಂದು ನನ್ನನ್ನು ಸೇರಿಸಿದವಳು ನೀನು. ಆ ಅಕ್ಷರಗಳ ವಿಷಯವನ್ನೇ ಹೇಳಬೇಕಾಗಿದೆ.

ನವೆಂಬರಿನಲ್ಲಿ ನದಿಯ ಎರಡೂ ದಡಗಳಿಂದ ಡಿಎನ್‌ಎ ಪರೀಕ್ಷೆಗೆಂದು ಹಲ್ಲಿಗಳ ಬಾಲದ ತುದಿಗಳನ್ನು ತಂದಿದ್ದೆಯಲ್ಲ, ಅವುಗಳ ಒಂದು ಟ್ರೇ ನನ್ನ ಕೈಜಾರಿತು. ಸ್ಪಿರಿಟ್ ಚೆಲ್ಲಿ, ಹನ್ನೊಂದು ಸೀಸೆಗಳ ಮೇಲಿನ ಮುತ್ತಿನ ಅಕ್ಷರಗಳು ಅಳಿಸಿಹೋದವು. ಯಾರೂ ನೋಡಲಿಲ್ಲ. ಯಾರನ್ನಾದರೂ ಕೇಳಲು ನಾಚಿಕೆಯಾಯಿತು. ಇದು ಉತ್ತರ ದಡದ್ದು, ಇದು ದಕ್ಷಿಣದ್ದು ಎಂದು ಅಂದಾಜಿನ ಮೇಲೆ ಮತ್ತೆ ಬರೆದಿಟ್ಟೆ.

ಆರು ವರ್ಷದಿಂದ ನೀನು ಹೇಳುತ್ತ ಬಂದಿದ್ದೀಯ: ನೋಡಲು ಒಂದೇ ಥರ ಇದ್ದರೂ ಇವು ಬೇರೆ ಬೇರೆ ವಂಶ, ಬಂಡೆ ಬಿಟ್ಟು ಬದುಕದ ಈ ಹಲ್ಲಿಗೆ ನದಿಯೇ ಗೋಡೆ, ಲಕ್ಷಾಂತರ ವರ್ಷಗಳಿಂದ ಆ ದಡದವು ಈ ದಡದವನ್ನು ಕೂಡಿಲ್ಲ. ಡಿಎನ್‌ಎ ಫಲಿತಾಂಶ ಬಂದಾಗ ಎರಡೂ ದಡದವು ಕಲಸಿಹೋಗಿದ್ದವು. ನಿನ್ನ ಪಿಎಚ್‌ಡಿ ಗೈಡ್ ಎಲ್ಲರೆದುರು, "ಏನಮ್ಮಾ, ನಿನ್ನ ಹಲ್ಲಿಗಳು ದೋಣಿ ಹತ್ಕೊಂಡು ನೆಂಟರ ಮನೆಗೆ ಹೋಗ್ತವಾ?" ಎಂದರು. ನಾನೂ ನಕ್ಕೆ, ಅಕ್ಕ. ಎಲ್ಲರೂ ನಕ್ಕರಲ್ಲ ಎಂದು.

ನೀನು ಆ ಹಲ್ಲಿಗಳ ಅಧ್ಯಾಯವನ್ನೇ ತೆಗೆದುಹಾಕಿದೆ. ಪ್ರಬಂಧ ಒಪ್ಪಿಸುವ ಮೊದಲು ಇನ್ನೊಮ್ಮೆ ನೋಡಿಬರುತ್ತೇನೆಂದು ಆ ಕಾದ ಬಂಡೆಗಳಿಗೆ ಹೋಗಿದ್ದೀಯ. "ನನ್ನ ಕಣ್ಣೇ ಸರಿಯಿಲ್ಲವೇನೋ" ಎಂದು ಬರೆದಿದ್ದೀಯ. ನಿನ್ನ ಕಣ್ಣು ಸರಿಯಿದೆ, ನದಿಯೂ ಸರಿಯಿದೆ. ಒಪ್ಪಿಸಲು ಇನ್ನೂ ಎರಡು ವಾರವಿದೆ, ಅಧ್ಯಾಯವನ್ನು ಉಳಿಸಿಕೋ. ಇದನ್ನು ಅಂಚೆಗೆ ಹಾಕಿ ನೇರ ನಿನ್ನ ಗೈಡ್ ಕೋಣೆಗೆ ಹೋಗುತ್ತಿದ್ದೇನೆ.

ತಪ್ಪನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳಲು ಮುಖವಿಲ್ಲ. ನಿನಗೆ ಒಳ್ಳೆಯದಾಗಲಿ. ಟೋಪಿ ಹಾಕಿಕೋ.

ನಿನ್ನ ತಂಗಿ

ಮತ್ತೊಂದು ವಿಷಯ: ಸೀಸೆಗಳ ಒಳಗೆ ನೀನು ಪೆನ್ಸಿಲ್ಲಿನಲ್ಲಿ ಬರೆದು ಹಾಕಿದ್ದ ಚೀಟಿಗಳಿದ್ದವು. ಸ್ಪಿರಿಟ್ಟಿಗೆ ಪೆನ್ಸಿಲ್ ಅಳಿಯುವುದಿಲ್ಲ ಎಂದು ನೀನೇ ಹೇಳಿಕೊಟ್ಟಿದ್ದೆ, ಗಾಬರಿಯಲ್ಲಿ ಮರೆತಿದ್ದೆ. ಫಲಿತಾಂಶ ಬಂದ ದಿನ ನೆನಪಾಗಿ ತೆಗೆದು ನೋಡಿದೆ. ಹನ್ನೊಂದರಲ್ಲಿ ಏಳು ತಪ್ಪು. ಹೇಳಲೆಂದೇ ಮನೆಗೆ ಬಂದೆ. ನೀನು ನನ್ನ ಮಡಿಲಲ್ಲಿ ತಲೆಯಿಟ್ಟು ಅಳತೊಡಗಿದೆ. ಅಲ್ಲಿಯವರೆಗೆ ಯಾವಾಗಲೂ ಅಳುವವಳು ನಾನು, ಮಡಿಲು ನಿನ್ನದು. "ನೀನೊಬ್ಬಳಿದ್ದೀಯಲ್ಲ, ಸಾಕು ಕಣೇ" ಎಂದೆ ನೀನು. ಆ ಮಾತನ್ನು ಇನ್ನೊಂದು ದಿನ ಕೇಳೋಣ ಎನಿಸಿತು. ಆಮೇಲೆ ಇನ್ನೊಂದು ದಿನ. ಹೀಗೆ ಎರಡು ತಿಂಗಳು.

ಹತ್ತು ಚೀಟಿ ಗೈಡ್ ಕೈಗೆ ಕೊಡುತ್ತೇನೆ. ಒಂದು ಈ ಲಕೋಟೆಯೊಳಗಿದೆ. ನಿನ್ನದೇ ಅಕ್ಷರ: "ಉತ್ತರ ದಡ. ಹೆಣ್ಣು. ಬಾಲ ಬಿಟ್ಟು ಬಂಡೆಸಂದಿಗೆ ಓಡಿತು."