ಖಾಲಿ ಬಿಟ್ಟ ನಾಲ್ಕು ವರ್ಷ

ಕಂಟೋನ್ಮೆಂಟ್, ಬಳ್ಳಾರಿ
12 ಜೂನ್ 2025

ಅನುಷಾಳ ಅಪ್ಪನವರಿಗೆ ನೀಲಾವತಿಯ ನಮಸ್ಕಾರ.

ತಾಯಿ ಮಗಳಿಬ್ಬರೂ ಇಲ್ಲಿ ಆರೋಗ್ಯವಾಗಿದ್ದೇವೆ. ನೀವೂ ಕುರುಗೋಡಿನಲ್ಲಿ ಹಾಗೇ ಇದ್ದೀರೆಂದುಕೊಂಡು ಮುಂದಕ್ಕೆ ಬರೆಯುತ್ತೇನೆ. ಆರು ವರ್ಷದ ಮೇಲೆ ಕಾಗದ ಬಂತೆಂದು ಗಾಬರಿ ಬೇಡ. ಇದು ಕೋರ್ಟಿನದಲ್ಲ, ಕೆಲಸದ್ದು. ಫೋನು ಮಾಡಬಹುದಿತ್ತು. ಮಾಡಿದರೆ ನೀವು ನಡುವೆ ಮಾತಾಡುತ್ತೀರಿ.

ಸಿರುಗುಪ್ಪದಲ್ಲಿ ನಾನು ಗುಮಾಸ್ತೆಯಾಗಿದ್ದ ಖಾಸಗಿ ಶಾಲೆ ಏಪ್ರಿಲ್‌ನಲ್ಲಿ ಮುಚ್ಚಿತು. ಮಗಳ ಕಾಲೇಜು ಇಲ್ಲಿರುವುದರಿಂದ ನಾನೂ ಇಲ್ಲಿಗೇ ಬಂದೆ. ಮೇ ತಿಂಗಳಲ್ಲಿ ನಾಲ್ಕು ಕಡೆ ಸಂದರ್ಶನಕ್ಕೆ ಹೋದೆ. ನಾಲ್ಕೂ ಕಡೆ ‘ತಿಳಿಸುತ್ತೇವೆ’ ಎಂದರು, ಯಾರೂ ತಿಳಿಸಲಿಲ್ಲ. ಮೊದಮೊದಲು ಅಳು ಬರುತ್ತಿತ್ತು. ಈಗ ಸೀರೆಗೆ ಪಿನ್ನು ಹಾಕುತ್ತೇನೆ, ಹೋಗುತ್ತೇನೆ, ಬರುತ್ತೇನೆ, ಪಿನ್ನು ತೆಗೆಯುತ್ತೇನೆ.

ಐದನೆಯದು ಒಂದು ಆಸ್ಪತ್ರೆಯ ರಿಸೆಪ್ಷನ್ ಕೆಲಸ. ಅನುಷಾ ಎರಡು ದಿನ ನನಗೆ ತಾಲೀಮು ಕೊಟ್ಟಳು. “ಅವ್ವಾ, ನಿಮ್ಮ ಬಗ್ಗೆ ಹೇಳ್ರಿ ಅಂದ್ರ ಮುತ್ತಜ್ಜನ ಕಾಲದಿಂದ ಸುರು ಮಾಡಬ್ಯಾಡ. ತಲಿ ಎತ್ತಿ ಮಾತಾಡು. ಮಾತಿಗೊಂದು ಪ್ರಾಸ ಹಚ್ಚಬ್ಯಾಡ, ಅದೇನು ಲಗ್ನದ ಮನಿ ಅಲ್ಲ” ಎಂದಳು. ಬಯೋಡೇಟಾವನ್ನೂ ಅವಳೇ ಟೈಪು ಮಾಡಿದಳು. 2015ರಿಂದ 2019ರವರೆಗೆ ಏನು ಬರೆಯಲಿ ಎಂದು ಕೇಳಿದಳು. ಏನೂ ಇಲ್ಲ, ಖಾಲಿ ಬಿಡು ಎಂದೆ.

ಮೇಜಿನಾಚೆ ಮೂವರಿದ್ದರು. ನಡುವೆ ಕೂತಿದ್ದ ಹಿರಿಯ ನರ್ಸ್ ನೇರವಾಗಿ ಆ ಖಾಲಿ ಜಾಗದ ಮೇಲೆಯೇ ಪೆನ್ನಿಟ್ಟರು. “ಈ ನಾಕು ವರ್ಷ ಎಲ್ಲಿದ್ರೀ?” ಎಂದರು.

“ಎಲ್ಲೂ ಇಲ್ರಿ, ಮನ್ಯಾಗಿದ್ದೆ. ಅತ್ತಿ ಹಾಸಿಗಿ ಹಿಡಿದಿದ್ರು” ಎಂದೆ.

“ಬೆನ್ನಿಗೆ ಎಷ್ಟು ಹುಣ್ಣಾಗಿದ್ದುವು?”

“ಒಂದೂ ಆಗಿದ್ದಿಲ್ರಿ.”

ಅವರು ನಂಬಲಿಲ್ಲ. ಕೆದಕಿ ಕೆದಕಿ ಕೇಳಿದರು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಕ್ಯಾಲೆಂಡರಿನ ಮೇಲೆ ಗೀಟು ಹಾಕುತ್ತಿದ್ದುದನ್ನು, ಮೂಗಿನ ನಳಿಕೆಯಲ್ಲಿ ಗಂಜಿ ಬಿಡುತ್ತಿದ್ದುದನ್ನು ಹೇಳಿದೆ. ಹಾಸಿಗೆ ಒದ್ದೆಯಾದಾಗ ಅತ್ತೆಗೆ ನಾಚಿಕೆಯಾಗಬಾರದೆಂದು ಮೊದಲು ರೇಡಿಯೋ ಹಚ್ಚಿ, ಆಮೇಲೆ ಬಟ್ಟೆ ಬದಲಿಸುತ್ತಿದ್ದೆ ಎಂಬುದನ್ನೂ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು. “ಇದನ್ನ ಯಾಕ ಬರೀಲಿಲ್ರಿ?” ಎಂದರು. “ಇದೂ ಕೆಲಸಂತ ಗೊತ್ತಿದ್ದಿಲ್ರಿ” ಎಂದೆ.

ಆಮೇಲೆ ಗಂಡನ ಹೆಸರು ಕೇಳಿದರು. ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಮದುವೆ, ಸೀಮಂತಗಳಲ್ಲಿ ಹೆಂಗಸರು ಗಂಡನ ಹೆಸರು ಹೇಳೆಂದು ಹೊಸ್ತಿಲಿಗೆ ಅಡ್ಡ ನಿಂತಾಗ ಮಾತ್ರ. ಅದೂ ಪ್ರಾಸ ಹಚ್ಚಿ ಒಡಪು ಕಟ್ಟಿಯೇ. ಬರೀ ಹೆಸರು ನಾಲಿಗೆಗೆ ಬರಲೊಲ್ಲದು. ಬಂದದ್ದು ಇದು:

“ಗಾಜಿನ ಬಾಗಲಾ, ಎಸಿ ಗಾಳಿ,
ಕರಿಬಸವನೋರು ನನಗ ಕಟ್ಯಾರ ತಾಳಿ.”

ಮೂವರೂ ನಕ್ಕರು. ನಾನು ನಗಲಿಲ್ಲ, ಹಲ್ಲು ಕಿಸಿಯಬಾರದೆಂದು ತಾಲೀಮಿನಲ್ಲಿತ್ತು. ನಾವು ಬೇರೆ ಇದ್ದೇವೆಯೇ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ರಿಸೆಪ್ಷನ್ ಕೆಲಸ ಇಂಗ್ಲಿಷ್ ಬರುವ ಒಬ್ಬಳಿಗೆ ಹೋಯಿತು. ನನಗೆ ಬೇರೆಯದು ಕೊಡುತ್ತಾರಂತೆ: ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುವ ಹೆಣ್ಣುಮಕ್ಕಳಿಗೆ ಕೆಲಸ ಕಲಿಸುವುದು. ಆದರೆ ಆ ನಾಲ್ಕು ವರ್ಷಕ್ಕೆ ಅನುಭವದ ಪತ್ರ ಬೇಕು. ರೋಗಿಯ ಮನೆಯವರು ಬರೆದುಕೊಟ್ಟರೆ ಸಾಕು, ಇಪ್ಪತ್ತೈದನೇ ತಾರೀಖಿನೊಳಗೆ. ಕೊಡದಿದ್ದರೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತಾರೆ. ಸುಂಕಲಮ್ಮ ಅತ್ತೆಗೆ ಒಬ್ಬನೇ ಮಗ. ಹೀಗಾಗಿ ನನ್ನ ಪರವಾಗಿ ಒಂದು ಮಾತು ಬರೆಯಬಲ್ಲವರು ನೀವೊಬ್ಬರೇ ಉಳಿದಿದ್ದೀರಿ. ಇದಕ್ಕೆ ಏನನ್ನಬೇಕೋ ನನಗೆ ತಿಳಿಯದು, ಏನೂ ಅನ್ನಿಸುವುದೂ ಇಲ್ಲ.

ನಿಮಗೆ ಬರೆಯಲು ಬೇಜಾರೆಂದು ಗೊತ್ತು. ಪತ್ರವನ್ನು ನಾನೇ ಬರೆದು ಇದರೊಳಗೆ ಇಟ್ಟಿದ್ದೇನೆ. ಹೊಗಳಿಕೆ ಹಾಕಿಲ್ಲ, ಮಾಡಿದ್ದಷ್ಟೇ ಇದೆ. ಓದಿ, ಸಹಿ ಹಾಕಿ, ಜೊತೆಗಿರುವ ಲಕೋಟೆಯಲ್ಲಿ ಕಳಿಸಿ. ಅಂಚೆಚೀಟಿ ಅಂಟಿಸಿದ್ದೇನೆ, ವಿಳಾಸ ಬರೆದಿದ್ದೇನೆ.

ಇಂತಿ,
ನೀಲಾವತಿ

ತಾ.ಕ.: ‘ಕೆಲಸ ಬಿಟ್ಟ ಕಾರಣ’ ಎಂಬ ಸಾಲು ಕಡ್ಡಾಯವಂತೆ. ‘ರೋಗಿ ತೀರಿಕೊಂಡರು’ ಎಂದು ತುಂಬಿದ್ದೇನೆ. ಅತ್ತೆಯ ದಿನಕಾರ್ಯ ಮುಗಿದ ಮರುದಿನ ನೀವು ನನ್ನ ಟ್ರಂಕನ್ನು ಅಂಗಳಕ್ಕೆ ತಂದಿಟ್ಟು, “ಇನ್ನ ನಿಂದೇನು ಕೆಲಸೈತಿ ಇಲ್ಲಿ?” ಎಂದಿದ್ದನ್ನು ಬರೆದಿಲ್ಲ. ಆವತ್ತು ಅನುಷಾ ಶಾಲೆಗೆ ಹೋಗಿದ್ದಳು. ನಾನೇ ಬಿಟ್ಟು ಬಂದೆನೆಂದು ಅವಳಿಗೆ ಹೇಳಿದ್ದೇನೆ.