ನನ್ನನ್ನೇ ಕೇಳಿದವಳು

ನಾಶಿಕ್
೧೨ ಜನವರಿ ೨೦೨೫

ಪ್ರೀತಿಯ ತಂಗಿ ಮಲ್ಲಮ್ಮ,

ನಿನಗೂ ಮಕ್ಕಳಿಗೂ ಅಕ್ಕನ ಹರಕೆ. ಸಂಭಾಜಿನಗರದಲ್ಲಿ ಎಲ್ಲರೂ ಆರಾಮಾಗಿದ್ದೀರೆಂದು ನಂಬಿದ್ದೇನೆ. ಇಷ್ಟು ತಿಂಗಳು ಕಾಗದ ಹಾಕಲಿಲ್ಲವೆಂದು ಸಿಟ್ಟಾಗಬೇಡ. ಪಾರ್ಶ್ವವಾಯು ಹೊಡೆದಾಗಿನಿಂದ ಬಲಗೈ ಏಳುವುದಿಲ್ಲ. ಇದು ಎಡಗೈ ಬರಹ. ಅಕ್ಷರ ಸೊಟ್ಟಗಿದ್ದರೂ ಮಾತು ನನ್ನದೇ.

ನನ್ನನ್ನು ನೋಡಿಕೊಳ್ಳಲು ಮಗ ಸಂಗಮನಾಥ ಒಂದು ಕಂಪನಿಯಿಂದ ಜಗದೇವಿಯನ್ನು ಗೊತ್ತುಮಾಡಿದ್ದಾನೆ. ಆಳಂದ ಕಡೆಯವಳು, ಗಂಡ ಇಲ್ಲಿ ಕಟ್ಟಡ ಕಟ್ಟುವಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಸ್ನಾನ, ಊಟ, ಔಷಧ ಎಲ್ಲ ಅವಳದೇ. ಬಾಯಿ ಸ್ವಲ್ಪ ಜೋರು, ಆದರೆ ನನ್ನ ತಲೆ ಬಾಚುವಾಗ ಕೈ ಬಲು ಮೆತ್ತಗೆ.

ದಸರೆಯ ಹೊತ್ತಿಗೆ ನನ್ನ ಬಲತೋಳು ಕಪ್ಪುಗಟ್ಟಿತು. ಸಂಗು ನೋಡಿ ಗಾಬರಿಯಾದ. "ಅವ್ವ, ಜಗದೇವಿ ಹೊಡದಾಳೇನು?" ಎಂದ. ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. "ಹೌದು" ಎಂದು ಬಂತು. ಆಗೆಲ್ಲ ಹಾಗೇ, ನೆನೆದದ್ದು ಒಂದು, ಬಾಯಿಗೆ ಬರುವುದು ಇನ್ನೊಂದು. ಅವನು ಕಂಪನಿಗೆ ದೂರು ಕೊಟ್ಟ. ನಾಳೆಯಿಂದ ಬರಬೇಡವೆಂದು ಅವಳಿಗೆ ಹೇಳಿಬಿಟ್ಟ. ಅವಳು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಹೋದಳು. ಅನ್ನ ಸೇರಲಿಲ್ಲ ನನಗೆ.

ಕಂಪನಿಯಿಂದ ವಿಚಾರಣೆಗೆ ಉಮಾಶ್ರೀ ಎಂಬ ನರ್ಸ್ ಬಂದಳು. ಬೀದರ್‌ನವರ ಮಗಳು, ಬೆಳೆದದ್ದು ನಿಮ್ಮೂರಲ್ಲೇ. ಸಂಗುವೇ ಎಲ್ಲಕ್ಕೂ ಉತ್ತರ ಹೇಳತೊಡಗಿದ. ಅವಳು, "ನೀವು ಹೊರಗ ಕೂಡ್ರಿ ದಾದಾ, ನಾ ಅವರನ್ನೇ ಕೇಳ್ತೀನಿ" ಎಂದು ಬಾಗಿಲು ಮುಂದೆ ಮಾಡಿದಳು. ನನ್ನ ಹಾಸಿಗೆಯ ಮೇಲೆಯೇ ಕೂತು, "ಕಾಕು, ನನಗೂ ಕನ್ನಡ ತಡವರಿಸ್ತದ. ನೀವು ಸಾವಕಾಶ ಹೇಳ್ರಿ, ನಾನೂ ಸಾವಕಾಶ ತಿಳ್ಕೋತೀನಿ" ಎಂದಳು.

ಜಗದೇವಿ ಹೊಡೆದಳೇ ಎಂದಾಗ ಮತ್ತೆ "ಹೌದು" ಎಂದೆ. ಆದರೆ ತಲೆ ಅಡ್ಡಡ್ಡ ಆಡಿಸುತ್ತಿದ್ದೆ. ಅವಳು ಅದನ್ನು ಕಂಡಳು. "ಬಾಯಿ ಬ್ಯಾಡ, ಕೈಲೆ ತೋರಸ್ರಿ" ಎಂದಳು. ನಾನು ಕಲೆ ಮುಟ್ಟಿ ಬಾಗಿಲ ಕಡೆ ಬೆರಳು ಮಾಡಿದೆ. ಬಹಳ ಹೊತ್ತಿಗೆ, "ಸಂಗು" ಎಂದು ಬಂತು.

ಅವಳು ಅವನನ್ನು ಕರೆದು ಗದರಲಿಲ್ಲ. "ಮುಂಜಾನೆ ಅವ್ವಾರನ್ನ ಹ್ಯಾಂಗ ಎಬ್ಬಸ್ತೀರಿ, ತೋರಸ್ರಿ" ಎಂದಳು, ಅಷ್ಟೇ. ಅವನು ಲಾಸಲಗಾಂವ್‌ನ ಉಳ್ಳಾಗಡ್ಡಿ ಹರಾಜಿಗೆ ಹೊರಡುವ ಅವಸರದಲ್ಲಿ, ಜಗದೇವಿ ಬರುವ ಮುಂಚೆ, ತಾನೇ ನನ್ನನ್ನು ಬಚ್ಚಲಿಗೆ ಕರೆದೊಯ್ಯುತ್ತಿದ್ದ. ಎಂದಿನಂತೆ ತೋಳು ಹಿಡಿದ. ಅವನ ಬೆರಳು ಸರಿಯಾಗಿ ಆ ಕಲೆಗಳ ಮೇಲೆ ಕೂತವು. ನೋಡಿ ಕೈ ಬಿಟ್ಟು ನನ್ನ ಕಾಲ ಬಳಿ ಕೂತ. "ನಾನೇ ಏನವ್ವ?" ಎಂದ. ಎಡಗೈಯಿಂದ ಅವನ ತಲೆ ಸವರಿದೆ.

ಸೊಂಟಕ್ಕೆ ಪಟ್ಟಿ ಕಟ್ಟಿ ಎಬ್ಬಿಸುವುದನ್ನು ಉಮಾಶ್ರೀ ಕಲಿಸಿದಳು. ಮರುದಿನ ಸಂಗು ತಾನೇ ಅವಳಿರುವ ಕಟ್ಟಡದ ಶೆಡ್ಡಿಗೆ ಹೋಗಿ ಜಗದೇವಿಯ ಕ್ಷಮೆ ಕೇಳಿ ಕರೆತಂದ. ಅವಳು ಎರಡು ದಿನ ಅವನೊಡನೆ ಮಾತಾಡಲಿಲ್ಲ, ನನ್ನೊಡನೆ ಬಾಯಿ ನಿಲ್ಲಿಸಲಿಲ್ಲ. ಅವಳಿಗೂ ಉಮಾಶ್ರೀ ಒಂದು ಮಾತು ಅಂದಳು: ಮಲಗಿಸಿ ನೀರು ಕುಡಿಸಬಾರದು, ನೆತ್ತಿಗೇರುತ್ತದೆ. ಮೂತಿ ಉಬ್ಬಿಸಿದರೂ ಈಗ ಕೂರಿಸಿಯೇ ಕುಡಿಸುತ್ತಾಳೆ.

ಉಮಾಶ್ರೀ ತಿಂಗಳಿಗೊಮ್ಮೆ ಬರುತ್ತಾಳೆ. ಎಡಗೈಯಲ್ಲಿ ಬರೆಯಲು ಹಚ್ಚಿದವಳೂ ಅವಳೇ. ಕೋಲು ಹಿಡಿದು ಮನೆ ಮುಂದಿನ ಗ್ಯಾಲರಿಯವರೆಗೆ ನಡೆಯುತ್ತೇನೆ. ನಿನ್ನೆ ಜಗದೇವಿಗೆ "ಉಪ್ಪು ಕಡಿಮೆ" ಎಂದೆ. ಸರಿಯಾಗಿಯೇ ಬಂತು. ಅವಳು ನಕ್ಕು ನಕ್ಕು ಸಾಕಾದಳು.

ನಿಮ್ಮ ಮನೆ ತಣ್ಣಗಿರಲಿ, ಶಿವ ನಿಮ್ಮ ಬೆನ್ನಿಗಿರಲಿ.

ನಿನ್ನ ಅಕ್ಕ,
ಕಸ್ತೂರಿಬಾಯಿ

ತಾ.ಕ.: ಶ್ರಾವಣದಲ್ಲಿ ನೀನು ಫೋನ್ ಮಾಡಿದಾಗ ಸಂಗು ಅದನ್ನು ನನ್ನ ಕಿವಿಗೆ ಹಿಡಿದಿದ್ದ, ನಿನಗೆ ಗೊತ್ತಿರಲಿಲ್ಲ. "ಅಕ್ಕಗ ಈಗ ಯಾರ ಗುರುತೂ ಇಲ್ಲ. ನಾ ಬಂದು ಯಾರನ್ನ ನೋಡ್ಲಿ?" ಎಂದು ನೀನು ಅತ್ತಿದ್ದೆ. ಆಮೇಲೆ ನೀನು ಫೋನ್ ಮಾಡಲೇ ಇಲ್ಲ. ಮಲ್ಲಿ, ನಿನ್ನ ಅಳು ನನಗೆ ಗುರುತು ಸಿಕ್ಕಿತ್ತು. ಬಂದು ನನ್ನನ್ನು ನೋಡು.